ಹಸಿರು ಪೆಂಡೆಂಟಿಗೆ ಹುಣಸೆಹಣ್ಣು ಬೇಡ

ಕಳೆದ ತಿಂಗಳು ಒಬ್ಬರು ಬೆಳ್ಳಿಯ ಪೆಂಡೆಂಟ್ ತಂದು, "ಈ ಪಚ್ಚೆ ಯಾಕೋ ಮಂಕಾಗಿದೆ, ನೋಡಿ" ಅಂದರು. ಮಗಳು ಅಮೆರಿಕದಿಂದ ತಂದುಕೊಟ್ಟಿದ್ದಂತೆ. ಹಸಿರು ಸೇಬಿನ ಬಣ್ಣ, ನಡುವೆ ಕಂದು ಗೆರೆ, ಬೆಳಕು ಒಳಗೆ ಇಳಿಯುವುದೇ ಇಲ್ಲ. ಪರೀಕ್ಷೆ ಮಾಡಿದೆ. ಪಚ್ಚೆ ಅಲ್ಲ, ಗ್ಯಾಸ್ಪೆಯೈಟ್.

ಕೆನಡಾದ ಗ್ಯಾಸ್ಪೆ ಪರ್ಯಾಯ ದ್ವೀಪದಲ್ಲಿ ಸಿಕ್ಕಿದ್ದಕ್ಕೆ ಈ ಹೆಸರು. 1966ರಲ್ಲಿ ಇದನ್ನು ಹೊಸ ಖನಿಜ ಅಂತ ವಿವರಿಸಿದರು. ಒಡವೆಗೆ ಬರುವ ಕಲ್ಲು ಮಾತ್ರ ಹೆಚ್ಚಾಗಿ ಪಶ್ಚಿಮ ಆಸ್ಟ್ರೇಲಿಯಾದ ಕಂಬಾಲ್ಡಾ, ವಿಡ್ಜಿಮೂಲ್ತಾ ಕಡೆಯದು. ಅಲ್ಲಿ ನೆಲದಡಿ ನಿಕಲ್ ಅದಿರಿದೆ. ಅದರ ಮೇಲ್ಭಾಗ ಗಾಳಿ ನೀರು ತಾಗಿ ಸವೆಯುವಾಗ, ಹೊರಬಂದ ನಿಕಲ್, ಕಾರ್ಬೊನೇಟ್ (ಸುಣ್ಣದಕಲ್ಲಲ್ಲಿ ಇರುವಂಥದ್ದೇ) ಜೊತೆ ಸೇರಿ ಈ ಹಸಿರು ಕಲ್ಲಾಗುತ್ತದೆ. ಅಮೆರಿಕದ ಮೂಲನಿವಾಸಿಗಳಾದ ನವಾಹೋ, ಝೂನಿ ಕುಶಲಕರ್ಮಿಗಳು ಇದನ್ನು ಬೆಳ್ಳಿಯಲ್ಲಿ ಕೂರಿಸುತ್ತಾರೆ.

ನೋಡಲು ಇದೇ ತರಹ ಇರುವ ಕ್ರಿಸೊಪ್ರೇಸ್ ಅನ್ನೋ ಕಲ್ಲಿಗೂ ಹಸಿರು ಬರುವುದು ನಿಕಲ್‌ನಿಂದಲೇ, ಆದರೆ ಅಲ್ಲಿ ನಿಕಲ್ ಬಣ್ಣ ಹಾಕುವಷ್ಟು ಮಾತ್ರ, ಮೈಯೆಲ್ಲ ಬೆಣಚುಕಲ್ಲಿನ ಜಾತಿ, ಗಡಸುತನ (ಹತ್ತರವರೆಗಿನ ಮೋಸ್ ಅಳತೆಯಲ್ಲಿ) 6.5ರಿಂದ 7. ಗ್ಯಾಸ್ಪೆಯೈಟ್‌ನಲ್ಲಿ ನಿಕಲ್ಲೇ ಮುಖ್ಯ ಲೋಹ, ಜೊತೆಗೆ ಸ್ವಲ್ಪ ಮೆಗ್ನೀಸಿಯಂ, ಕಬ್ಬಿಣ. ಗಡಸುತನ ಬರೀ 4.5ರಿಂದ 5. ನಮ್ಮ ಮನೆಯ ಧೂಳಲ್ಲಿ ಬೆಣಚುಕಲ್ಲಿನ ಪುಡಿ ಇರುತ್ತದಲ್ವಾ, ಒಣಬಟ್ಟೆಯಲ್ಲಿ ತಿಕ್ಕಿದರೆ ಅದೇ ಗೀರುತ್ತದೆ. ತೂಕದಲ್ಲೂ ವ್ಯತ್ಯಾಸ ಗೊತ್ತಾಗುತ್ತದೆ: ಶುದ್ಧ ಗ್ಯಾಸ್ಪೆಯೈಟ್ ನೀರಿಗಿಂತ ಸುಮಾರು 3.7 ಪಟ್ಟು ಭಾರ, ಕ್ರಿಸೊಪ್ರೇಸ್ 2.6 ಪಟ್ಟು.

ಇನ್ನು ಮಂಕಾಗಿದ್ದರ ವಿಷಯ. ಕೇಳಿದರೆ, ಹಬ್ಬಕ್ಕೆ ದೀಪ, ತಟ್ಟೆಗಳ ಜೊತೆ ಇದನ್ನೂ ಹುಣಸೆಹಣ್ಣಲ್ಲಿ ತಿಕ್ಕಿದ್ದರಂತೆ. ದೀಪ, ತಟ್ಟೆಗೆ ಹುಳಿ ಸರಿ, ಆದರೆ ಈ ಕಲ್ಲು ಕ್ಯಾಲ್ಸೈಟ್ (ಸುಣ್ಣದಕಲ್ಲಿನ ಖನಿಜ) ಕುಟುಂಬದ್ದು, ಕಾರ್ಬೊನೇಟ್, ಹುಳಿ ಅದಕ್ಕೆ ಆಗಿಬರುವುದಿಲ್ಲ. ಬಿಸಿ ಮಾಡಿದ ಹೈಡ್ರೋಕ್ಲೋರಿಕ್ ಆಮ್ಲ ಬಿದ್ದರೆ ನೊರೆಯೇ ಬರುತ್ತದೆ. ಹುಣಸೆ, ನಿಂಬೆ ಅಷ್ಟು ಜೋರಲ್ಲದಿದ್ದರೂ ಮೇಲಿನ ಪಾಲಿಶ್ ತಿನ್ನುವ ಭಯ ಇದ್ದೇ ಇದೆ. ಒದ್ದೆ ಮಾಡಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಸಾಕು.

ಮತ್ತೆ ಪಾಲಿಶ್ ಮಾಡಿಸಬಹುದು. ಆದರೆ ಮನೆಯಲ್ಲಿ ಮರಳುಕಾಗದ ಹಿಡಿದು ಸುಮ್ನೆ ಉಜ್ಜಬೇಡಿ. ಪೆಂಡೆಂಟ್ ಹಾಕಿಕೊಂಡವರಿಗೆ ಕಲ್ಲಿನ ಧೂಳಿನ ಚಿಂತೆ ಇಲ್ಲ, ಉಜ್ಜುವಾಗ ಅದನ್ನು ಉಸಿರಾಡುವವರಿಗೆ ಇದೆ. ನಿಕಲ್ ಸಂಯುಕ್ತಗಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1990ರಲ್ಲೇ ವರ್ಗೀಕರಿಸಿದೆ. ಕಲ್ಲು ಕೆತ್ತುವವರ ಹತ್ತಿರ ಕೊಡುವಾಗ ಇದು ನಿಕಲ್ ಕಲ್ಲು ಅಂತ ಮೊದಲೇ ಹೇಳಿಬಿಡಿ. ನೀರು ಬಿಟ್ಟುಕೊಂಡು, ಮಾಸ್ಕ್ ಹಾಕಿಕೊಂಡು ಉಜ್ಜುತ್ತಾರೆ.