ಮೇಜಿಗೆ ಮೊಳೆ ಹೊಡೆದ ವಸ್ತುಗಳು: ಸ್ಟುವರ್ಟ್ ಡೇವಿಸ್‌ನ ‘ಎಗ್ ಬೀಟರ್’ ಚಿತ್ರಗಳು

1920ರ ದಶಕದ ಅಮೆರಿಕನ್ ಚಿತ್ರಕಲೆಯಲ್ಲಿ ಸಿಗರೇಟು ಪೊಟ್ಟಣ, ರೇಜರ್, ಜೇಬುಗಡಿಯಾರಗಳು ಕಾಣಿಸಿಕೊಂಡದ್ದನ್ನು ಯಂತ್ರಯುಗದ ಸಂಭ್ರಮವೆಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದುಂಟು. ಈ ವಿವರಣೆ ಸಾಲದು. ಒಬ್ಬೊಬ್ಬ ಕಲಾವಿದ ವಸ್ತುವಿನಲ್ಲಿ ಹುಡುಕಿದ್ದು ಬೇರೆ ಬೇರೆ.

ಜೆರಾಲ್ಡ್ ಮರ್ಫಿ ವಸ್ತುವನ್ನು ಹಿಗ್ಗಿಸಿ ಗೌರವಿಸಿದ. ‘ರೇಜರ್’ (1924) ಚಿತ್ರದಲ್ಲಿ ಬೆಂಕಿಪೊಟ್ಟಣದ ಮುಂದೆ ರೇಜರ್ ಮತ್ತು ಫೌಂಟನ್ ಪೆನ್ನು ರಾಜಲಾಂಛನದ ಕತ್ತಿಗಳಂತೆ ಅಡ್ಡಡ್ಡ ನಿಂತಿವೆ. ‘ವಾಚ್’ (1925) ಚಿತ್ರದ ಒಂದೊಂದು ಬದಿಯೂ ಸುಮಾರು 2 ಮೀಟರ್.

ಸ್ಟುವರ್ಟ್ ಡೇವಿಸ್‌ನ ದಾರಿ ಇದಕ್ಕೆ ಬಹುಮಟ್ಟಿಗೆ ವಿರುದ್ಧ. ಅವನ ‘ಲಕಿ ಸ್ಟ್ರೈಕ್’ (1921) ಸಿಗರೇಟು ಪೊಟ್ಟಣದ ಕಾಗದವನ್ನು ಬಿಡಿಸಿ ಅಂಟಿಸಿದ ಕೊಲಾಜ್‌ನಂತೆ ತೋರುತ್ತದೆ. ಆದರೆ ಅಲ್ಲಿ ಅಂಟಿಸಿದ ಒಂದು ಚೂರೂ ಇಲ್ಲ, ಎಲ್ಲವೂ ಕುಂಚದಿಂದಲೇ ಮೂಡಿದ ತೈಲವರ್ಣ. ಪೊಟ್ಟಣದ ಮೇಲಿನ ಅಕ್ಷರ, ಬಣ್ಣಗಳೆಲ್ಲ ಮೊದಲೇ ಚಪ್ಪಟೆಯಾಗಿ ಅಚ್ಚಾದವುಗಳಾದ್ದರಿಂದ, ಚಪ್ಪಟೆ ಕ್ಯಾನ್ವಾಸ್‌ಗೆ ಇದಕ್ಕಿಂತ ಒಪ್ಪುವ ವಸ್ತು ಬೇರೆಯಿಲ್ಲವೆಂದು ನನಗನ್ನಿಸುತ್ತದೆ.

1927ರಲ್ಲಿ ಅವನು ಇನ್ನೂ ಮುಂದೆ ಹೋದ. ಮೊಟ್ಟೆ ಕಡೆಯುವ ಎಗ್ ಬೀಟರ್, ರಬ್ಬರ್ ಕೈಗವಸು, ವಿದ್ಯುತ್ ಫ್ಯಾನು, ಈ ಮೂರನ್ನೂ ಮೇಜಿಗೆ ಮೊಳೆ ಹೊಡೆದು ಕೂಡಿಸಿ, ಸುಮಾರು ಒಂದು ವರ್ಷ ಅವನ್ನೇ ಬರೆಯುತ್ತ ಕುಳಿತ. ಹಣ್ಣಾಗಿದ್ದರೆ ಕೊಳೆಯುತ್ತಿತ್ತು, ಹೂವಾಗಿದ್ದರೆ ಬಾಡುತ್ತಿತ್ತು. ಇವು ಕೊಳೆಯುವುದೂ ಇಲ್ಲ, ಕದಲುವುದೂ ಇಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಈ ಮೂರನ್ನು ದಿನವೂ ನೋಡುತ್ತಿದ್ದರೆ ಅವುಗಳ ಹೆಸರೂ ಉಪಯೋಗವೂ ಮರೆಯಾಗಿ, ಅಂಚುಗಳು, ಕೋನಗಳು, ಎರಡು ವಸ್ತುಗಳ ನಡುವೆ ಉಳಿದ ಖಾಲಿ ಜಾಗದ ಆಕಾರಗಳಷ್ಟೇ ಕಣ್ಣಿಗೆ ನಿಲ್ಲುತ್ತವೆ. ಹೀಗೆ ಹುಟ್ಟಿದ ನಾಲ್ಕು ಚಿತ್ರಗಳಲ್ಲಿ ಎಗ್ ಬೀಟರ್ ಎಲ್ಲಿದೆಯೆಂದು ಹುಡುಕುವವರಿಗೆ ನಿರಾಶೆಯೇ ಗತಿ. ಹಾಗೆಂದು ಇವು ಬರಿಯ ಕಲ್ಪನೆಯಿಂದ ಬಂದ ರೇಖಾಗಣಿತವೂ ಅಲ್ಲ. ಅಲ್ಲಿನ ಓರೆಗೆರೆಗಳಿಗೂ ಬಣ್ಣದ ಹಲಗೆಗಳಿಗೂ ಮೂಲ ಆ ಮೇಜಿನ ಮೇಲೆಯೇ ಇತ್ತು. ಅಮೂರ್ತತೆಯೆಂದರೆ ವಸ್ತುವಿಗೆ ಬೆನ್ನು ತಿರುಗಿಸುವುದೆಂದು ನಾವು ಸಾಮಾನ್ಯವಾಗಿ ಕಲಿಯುತ್ತೇವೆ. ಡೇವಿಸ್‌ನಲ್ಲಿ ಅದು ವಸ್ತುವನ್ನು ಬಿಡದೆ ನೋಡಿದ್ದರ ಫಲ.

1928ರಲ್ಲಿ ಪ್ಯಾರಿಸ್‌ಗೆ ಹೋಗಿ ಅಲ್ಲಿನ ಬೀದಿಗಳನ್ನು ಬರೆದ ಅವನು ಮರಳಿ ಬಂದ ಮೇಲೂ ಅಡುಗೆಮನೆಯನ್ನು ಮರೆಯಲಿಲ್ಲ: 1931ರ ಒಂದು ಚಿತ್ರದ ಹೆಸರು ‘ಸಾಲ್ಟ್ ಶೇಕರ್’, ಅಂದರೆ ಮೇಜಿನ ಮೇಲಿನ ಉಪ್ಪಿನ ಡಬ್ಬಿ.