ದೇವರೇ, ಇದು ನ್ಯಾಯವಾ?

ಒಳ್ಳೆಯವರಿಗೆ ಕೆಟ್ಟದ್ದಾದಾಗ ನಮ್ಮ ಬಾಯಲ್ಲಿ ತಾನಾಗೇ ಬರುವ ಮಾತೊಂದಿದೆ: ‘ದೇವರೇ, ಇದು ನ್ಯಾಯವಾ?’ ಸಂಕಟ ಜಾಸ್ತಿಯಾದರೆ ‘ನಿನಗೆ ಕಣ್ಣಿಲ್ವಾ?’ ಅಂತಲೂ ಕೇಳುತ್ತೇವೆ. ಹೀಗೆ ಕೇಳುವವರು ನಾಸ್ತಿಕರಲ್ಲ, ದಿನಾ ಕೈ ಮುಗಿಯುವವರೇ. ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಿ. ದೇವರು ಕಟಕಟೆಯಲ್ಲಿದ್ದಾನೆ, ಭಕ್ತ ನ್ಯಾಯದ ಅಳತೆಗೋಲು ಹಿಡಿದು ಎದುರಿಗೆ ನಿಂತಿದ್ದಾನೆ. ದೇವರು ಮಾಡಿದ್ದೆಲ್ಲ ನ್ಯಾಯ ಅಂತಾದರೆ ಈ ಪ್ರಶ್ನೆಯೇ ಹುಟ್ಟಬಾರದಿತ್ತು, ಅಲ್ವಾ? ಹಾಗಾದರೆ ಆ ಕೋಲು ಭಕ್ತನ ಕೈಗೆ ಎಲ್ಲಿಂದ ಬಂತು?

‘ದೇವರ ಭಯ ಇರೋದಕ್ಕೇ ಜನ ಒಬ್ಬರನ್ನೊಬ್ಬರು ಕಿತ್ತು ತಿನ್ನದೆ ಇದ್ದಾರೆ’ ಅನ್ನುವ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಈ ಗೊಂದಲಕ್ಕೆ ನಮ್ಮ ಭಾಷೆಯೂ ಸ್ವಲ್ಪ ಕಾರಣ. ಧರ್ಮ ಅಂದರೆ ಮತವೂ ಹೌದು, ದಾನವೂ ಹೌದು, ಸರಿಯಾದ ನಡತೆಯೂ ಹೌದು. ಸಿಕ್ಕಿಬಿದ್ದ ಕಳ್ಳನಿಗೆ ಬೀಳುವುದೂ ಧರ್ಮದೇಟೇ! ಒಂದೇ ಚೀಲಕ್ಕೆ ಇಷ್ಟೆಲ್ಲ ತುರುಕಿದರೆ ಯಾವುದರಿಂದ ಯಾವುದು ಹುಟ್ಟಿತು ಅಂತ ಗೊತ್ತಾಗುವುದಿಲ್ಲ. ಇಲ್ಲಿ ಧರ್ಮ ಅಂದರೆ ಮತ, ಅಷ್ಟೇ.

ಪ್ರಶ್ನೆ ಹಳೆಯದು. ಪ್ಲೇಟೋ ಬರೆದ ಒಂದು ಸಂಭಾಷಣೆಯಲ್ಲಿ ಯೂಥಿಫ್ರೋ ಅನ್ನುವವನು ಸ್ವಂತ ತಂದೆಯ ಮೇಲೆ ಕೊಲೆ ಮೊಕದ್ದಮೆ ಹಾಕಲು ಹೊರಟಿರುತ್ತಾನೆ. ಅದೇ ಪುಣ್ಯದ ಕೆಲಸ ಅಂತ ಅವನ ಖಾತ್ರಿ. ಸಾಕ್ರಟೀಸ್ ಅವನನ್ನು ನಿಲ್ಲಿಸಿ ಕೇಳುತ್ತಾರೆ: ದೇವತೆಗಳು ಮೆಚ್ಚಿದ್ದಕ್ಕೆ ಅದು ಪುಣ್ಯವಾಯಿತೋ, ಅದು ಪುಣ್ಯವಾಗಿದ್ದಕ್ಕೆ ದೇವತೆಗಳು ಮೆಚ್ಚಿದರೋ? ಯೂಥಿಫ್ರೋ ಸುತ್ತಿ ಬಳಸಿ ಏನೇನೋ ಹೇಳಿ, ಕೊನೆಗೆ ಕೆಲಸ ಇದೆ ಅಂತ ಜಾಗ ಖಾಲಿ ಮಾಡುತ್ತಾನೆ.

ಅವನು ಉತ್ತರ ಕೊಡದೆ ಹೋದ ಪ್ರಶ್ನೆಯನ್ನು ಲ್ಯಾರಿ ನುಚ್ಚಿ ಮತ್ತು ಎಲಿಯಟ್ ಟುರಿಯಲ್ ಎಂಬ ಮನೋವಿಜ್ಞಾನಿಗಳು ಮಕ್ಕಳ ಮುಂದಿಟ್ಟರು. ಅವರ ಅಧ್ಯಯನ ಪ್ರಕಟವಾದದ್ದು 1993ರಲ್ಲಿ. ಮಕ್ಕಳು ಅಂದರೆ ಎಂಥವರು? ಅಮೆರಿಕದ ಆಮಿಶ್-ಮೆನೊನೈಟ್ ಎಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಗಡದ ಮಕ್ಕಳು, ಸಾಂಪ್ರದಾಯಿಕ ಯಹೂದಿ ಮಕ್ಕಳು. ಮನೆಯಲ್ಲಿ, ಶಾಲೆಯಲ್ಲಿ ಎಲ್ಲೆಲ್ಲೂ ದೇವರ ಮಾತೇ. ವಾರದ ಪವಿತ್ರ ದಿನ ಕೆಲಸ ಮಾಡಬಾರದು ಅಂತ ದೇವರು ಹೇಳದೇ ಇದ್ದಿದ್ದರೆ? ‘ಆಗ ಮಾಡಬಹುದಿತ್ತು’ ಅಂದರು ಹೆಚ್ಚಿನ ಮಕ್ಕಳು. ಕದಿಯಬಾರದು ಅಂತ ಹೇಳದೇ ಇದ್ದಿದ್ದರೆ? ‘ಆಗಲೂ ತಪ್ಪೇ.’ ಸರಿ, ಕದಿಯಿರಿ ಅಂತ ದೇವರೇ ಅಪ್ಪಣೆ ಕೊಟ್ಟರೆ? ಹೆಚ್ಚಿನವರು ಆಗಲೂ ಒಪ್ಪಲಿಲ್ಲ, ಕಳೆದುಕೊಂಡವರಿಗೆ ನೋವಾಗುತ್ತದಲ್ಲ.

ನನಗೆ ಇದು ಇಡೀ ವಿಷಯದಲ್ಲೇ ಅತ್ಯಂತ ಚಂದದ ಪ್ರಯೋಗ. ದೇವರನ್ನು ನಂಬುವ ಮಕ್ಕಳೇ ಎರಡು ರಾಶಿ ಮಾಡಿಟ್ಟರು. ಒಂದು, ಹೇಳಿದ್ದಾರೆ ಅಂತ ಪಾಲಿಸುವ ಮಡಿ, ವಾರ, ಬಟ್ಟೆಯ ರಾಶಿ. ಇನ್ನೊಂದು, ಯಾರೂ ಹೇಳದಿದ್ದರೂ ತಪ್ಪೇ ಆಗಿರುವ ರಾಶಿ.

ಎರಡನೇ ರಾಶಿ ಎಲ್ಲಿಂದ ಬಂತು? ಇಲ್ಲಿ ನನ್ನ ಪ್ರೀತಿಯ ರಕ್ತಪಿಪಾಸು ಬಾವಲಿಯನ್ನು ಕರೆಯಬೇಕು. ಇದಕ್ಕೆ ರಕ್ತ ಬಿಟ್ಟು ಬೇರೆ ಊಟವಿಲ್ಲ. ಎರಡು ಮೂರು ರಾತ್ರಿ ಏನೂ ಸಿಗದಿದ್ದರೆ ಕಥೆ ಮುಗಿಯಿತು. ಹಸಿದು ಬಂದ ಬಾವಲಿಗೆ ಹೊಟ್ಟೆ ತುಂಬಿದ ಗೆಳತಿ ತಾನು ಕುಡಿದದ್ದನ್ನೇ ಕಕ್ಕಿ ಬಾಯಿಗೆ ಕೊಡುತ್ತದೆ. ಜೆರಾಲ್ಡ್ ವಿಲ್ಕಿನ್ಸನ್ 1984ರಲ್ಲಿ ಇದನ್ನು ವರದಿ ಮಾಡಿದರು. ಕೊಡುವುದು ನೆಂಟರಿಗೆ ಮಾತ್ರ ಅಂತ ನೀವು ಅಂದುಕೊಳ್ಳಬಹುದು. 2013ರಲ್ಲಿ ಜೆರಾಲ್ಡ್ ಕಾರ್ಟರ್ ಜೊತೆ ಅವರು ಮತ್ತೆ ನೋಡಿದಾಗ, ಯಾರು ಯಾರಿಗೆ ಕೊಡುತ್ತಾರೆ ಅಂತ ಊಹಿಸಲು ನೆಂಟಸ್ತಿಕೆಗಿಂತ ‘ಹಿಂದೆ ಇವಳು ನನಗೆ ಕೊಟ್ಟಿದ್ದಳಾ’ ಅನ್ನುವುದೇ ಹೆಚ್ಚು ಉಪಯೋಗಕ್ಕೆ ಬಂತು.

ಇದು ಹೇಗೆ ನಿಲ್ಲುತ್ತದೆ? ಬರೀ ತಿಂದು, ಕೊಡದೆ ಇರುವ ಕಿಲಾಡಿಗಳೇ ಗೆಲ್ಲಬೇಕಲ್ಲ? ರಾಬರ್ಟ್ ಆಕ್ಸೆಲ್‌ರಾಡ್ ಎಂಬ ರಾಜಕೀಯ ವಿಜ್ಞಾನಿ 1980ರ ಸುಮಾರಿಗೆ ಕಂಪ್ಯೂಟರಿನೊಳಗೆ ಒಂದು ಪಂದ್ಯ ಏರ್ಪಡಿಸಿದರು. ಇಬ್ಬಿಬ್ಬರಾಗಿ ಆಡುವ ಆಟ, ಪ್ರತಿ ಸಲವೂ ಸಹಕರಿಸಬೇಕು ಇಲ್ಲವೇ ಕೈಕೊಡಬೇಕು. ಇಬ್ಬರೂ ಸಹಕರಿಸಿದರೆ ತಲಾ 3 ಅಂಕ. ಇಬ್ಬರೂ ಕೈಕೊಟ್ಟರೆ ತಲಾ 1. ಒಬ್ಬ ನಂಬಿ ಇನ್ನೊಬ್ಬ ಕೈಕೊಟ್ಟರೆ ಕೈಕೊಟ್ಟವನಿಗೆ 5, ನಂಬಿದವನಿಗೆ ಸೊನ್ನೆ. ಒಂದೇ ಸಲ ಆಡುವುದಾದರೆ ಕೈಕೊಡುವುದೇ ಲಾಭ. ಆದರೆ ಇಲ್ಲಿ ಅದೇ ಎದುರಾಳಿಯ ಜೊತೆ 200 ಸಲ ಆಡಬೇಕು. ತಜ್ಞರು 14 ಪ್ರೋಗ್ರಾಂ ಕಳಿಸಿದರು, ಕೆಲವಂತೂ ಮಹಾ ಕುತಂತ್ರಿಗಳು. ಗೆದ್ದದ್ದು ಅನಾಟೋಲ್ ರಾಪೊಪೋರ್ಟ್ ಕಳಿಸಿದ, ಎಲ್ಲಕ್ಕಿಂತ ಚಿಕ್ಕದು: ಮೊದಲ ಸಲ ನಂಬು, ಆಮೇಲೆ ಅವನು ಹೋದ ಸಲ ಮಾಡಿದ್ದನ್ನೇ ನೀನೂ ಮಾಡು. ಎರಡನೇ ಸುತ್ತಿಗೆ 62 ಪ್ರೋಗ್ರಾಂ ಬಂದವು. ಯಾವುದು ಗೆದ್ದಿತ್ತು ಅಂತ ಗೊತ್ತಿದ್ದೂ ಅದನ್ನು ಸೋಲಿಸಲು ಆಗಲಿಲ್ಲ. ತಮಾಷೆ ಏನು ಗೊತ್ತಾ? ಈ ಪ್ರೋಗ್ರಾಂ ಯಾವ ಒಂದು ಆಟದಲ್ಲೂ ಎದುರಾಳಿಗಿಂತ ಹೆಚ್ಚು ಅಂಕ ಗಳಿಸುವ ಹಾಗೇ ಇಲ್ಲ! ಒಂದೊಂದರಲ್ಲೂ ಸಮ ಇಲ್ಲವೇ ಸ್ವಲ್ಪ ಹಿಂದೆ, ಒಟ್ಟು ಲೆಕ್ಕದಲ್ಲಿ ಮುಂದೆ.

ಬಯಲಲ್ಲಿ ಕಾಲುದಾರಿ ಬೀಳುವುದನ್ನು ನೋಡಿದ್ದೀರಲ್ಲ. ಯಾರೂ ನಕ್ಷೆ ಬರೆದಿರುವುದಿಲ್ಲ. ನಡೆದವರ ಹೆಜ್ಜೆಯಿಂದಲೇ ಹುಲ್ಲು ಸವೆದು ದಾರಿಯಾಗುತ್ತದೆ, ಆಮೇಲೆ ಬಂದವರು ಅದರಲ್ಲೇ ನಡೆಯುತ್ತಾರೆ. ಹೊಳೆಯ ಕಲ್ಲು ನುಣುಪಾಗುವುದೂ ಹೀಗೇ, ಸುಮ್ನೆ ಉರುಳಿ ಉರುಳಿ. ಭಾಷೆಯ ವ್ಯಾಕರಣವೂ ಅಷ್ಟೇ. ‘ಮನೆಗೆ’, ‘ಮನೆಯಿಂದ’ ಅಂತ ಹೀಗೇ ಹೇಳತಕ್ಕದ್ದು ಅಂತ ಯಾರೂ ಸಭೆ ಕರೆದು ತೀರ್ಮಾನ ಮಾಡಲಿಲ್ಲ. ವ್ಯಾಕರಣದ ಪುಸ್ತಕ ಬಂದದ್ದು ಎಷ್ಟೋ ಕಾಲದ ಮೇಲೆ. ಹೋಲಿಕೆ ಜಾಸ್ತಿ ಆಯ್ತು, ಗೊತ್ತು. ನೀತಿಗೂ ಧರ್ಮಗ್ರಂಥಕ್ಕೂ ಇರುವ ನಂಟು ಮಾತಿಗೂ ವ್ಯಾಕರಣಕ್ಕೂ ಇರುವಂಥದ್ದು ಅನ್ನುವುದೇ ನನ್ನ ವಾದವಾದ್ದರಿಂದ ಬಿಡಲು ಮನಸ್ಸು ಬರಲಿಲ್ಲ.

ಬಾವಲಿಯ ಕೈಸಾಲವೇ ನೀತಿ ಅಂತ ನಾನು ಹೇಳುತ್ತಿಲ್ಲ. ಗುರುತಿಲ್ಲದವನಿಗಾಗಿ ಬಾವಲಿ ಮರುಗುವುದಿಲ್ಲ. ನನ್ನ ಕಡೆಯ ಸಾಕ್ಷ್ಯವೆಲ್ಲ ಗಟ್ಟಿ ಅಂತಲೂ ಅಲ್ಲ. ಆರು ತಿಂಗಳ ಕೂಸು ಕೂಡ ಸಹಾಯ ಮಾಡುವ ಬೊಂಬೆಯನ್ನೇ ಆರಿಸುತ್ತದೆ ಅಂತ 2007ರಲ್ಲಿ ದೊಡ್ಡ ಸುದ್ದಿಯಾಯಿತು. ಆಮೇಲೆ ಹಲವು ಪ್ರಯೋಗಾಲಯಗಳು ಕೂಡಿ ಪರೀಕ್ಷಿಸಿದಾಗ ಆ ಒಲವು ಕಾಣಲಿಲ್ಲ. ಮೊದಲು ದೊಡ್ಡ ಸಮಾಜ ಬಂತು, ತಪ್ಪಿಗೆ ಶಿಕ್ಷೆ ಕೊಡುವ ದೇವರು ಆಮೇಲೆ ಬಂದ ಅಂದ 2019ರ ಪ್ರಬಂಧವನ್ನು 2021ರಲ್ಲಿ ಅದನ್ನು ಬರೆದವರೇ ವಾಪಸು ಪಡೆದರು. ಮುಖ ಪರಿಚಯವೇ ಇಲ್ಲದ ಸಾವಿರಾರು ಜನ ಒಬ್ಬರನ್ನೊಬ್ಬರು ನಂಬಲು ‘ಮೇಲೊಬ್ಬ ನೋಡುತ್ತಿದ್ದಾನೆ’ ಅನ್ನುವ ಭಾವನೆ ನೆರವಾಗಿದ್ದರೂ ಆಗಿರಬಹುದು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಇನ್ನು ಕಾನೂನು. ಬ್ಯಾಬಿಲೋನಿನ ರಾಜ ಹಮ್ಮುರಾಬಿಯ ಕಾನೂನಿನ ಕಪ್ಪು ಕಲ್ಲು ಈಗ ಪ್ಯಾರಿಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿದೆ. ಆಳಿಗಿಂತ ಎತ್ತರ. ತುದಿಯಲ್ಲಿ ಸೂರ್ಯದೇವ ಶಮಾಶ್ ಕೂತಿದ್ದಾನೆ, ರಾಜ ಕೈಯೆತ್ತಿ ನಿಂತಿದ್ದಾನೆ. ಇದನ್ನು ತೋರಿಸಿ ‘ನೋಡಿ, ಕಾನೂನು ದೇವರಿಂದಲೇ ಬಂತು’ ಅನ್ನುವವರಿದ್ದಾರೆ. ಅವರು ಕೆಳಗಿನ ಸಾಲು ಓದಬೇಕು. ಸಾಲ, ಬಾಡಿಗೆ, ಕಾಲುವೆಯ ನೀರು, ವಿಚ್ಛೇದನ, ವೈದ್ಯನ ಫೀಸು. ಕಟ್ಟಿದ ಮನೆ ಕುಸಿದು ಯಜಮಾನ ಸತ್ತರೆ ಮೇಸ್ತ್ರಿಗೆ ಮರಣದಂಡನೆ. ಮೇಲೆ ದೇವರು, ಕೆಳಗೆ ಪೂರಾ ಲೇವಾದೇವಿ! ಇದಕ್ಕೂ ಮುನ್ನೂರು ವರ್ಷ ಹಿಂದಿನ ಊರ್-ನಮ್ಮು ಎಂಬ ರಾಜನ ಕಾನೂನಿನಲ್ಲಿ ಒಬ್ಬನ ಕಣ್ಣು ಕಿತ್ತರೆ ಅರ್ಧ ಮಿನಾ ಬೆಳ್ಳಿ ದಂಡ, ಅಂದರೆ ಸುಮಾರು ಕಾಲು ಕಿಲೋ. ‘ಕಣ್ಣಿಗೆ ಕಣ್ಣು’ ಬಂದದ್ದು ಆಮೇಲೆ, ಹಮ್ಮುರಾಬಿಯ ಕಾಲಕ್ಕೆ.

ದೇವರ ಭಯವಿಲ್ಲದವನು ನಿಜ ಹೇಳಲಾರ ಅಂತ ಇಂಗ್ಲೆಂಡಿನ ಕಾನೂನು ಬಹುಕಾಲ ನಂಬಿತ್ತು. ಕ್ರೈಸ್ತರಲ್ಲದವರ ಸಾಕ್ಷ್ಯವನ್ನೂ ಒಪ್ಪುತ್ತಿರಲಿಲ್ಲ. 18ನೇ ಶತಮಾನದಲ್ಲಿ ಕಲ್ಕತ್ತೆಯ ಹಿಂದೂ ಸಾಕ್ಷಿಗಳು ಬ್ರಾಹ್ಮಣನ ಪಾದ ಮುಟ್ಟಿ ಪ್ರಮಾಣ ಮಾಡಿದ್ದನ್ನು ಲಂಡನ್ನಿನ ಕೋರ್ಟು ಒಪ್ಪಿಕೊಂಡಿತು. ಯಾವುದೋ ಒಂದು ದೇವರು ಇದ್ದರೆ ಸಾಕು ಅಂತಾಯಿತು. ನಾಸ್ತಿಕನಿಗೆ ಮಾತ್ರ ಜಾಗ ಇರಲಿಲ್ಲ.

1880ರಲ್ಲಿ ನಾರ್ಥಾಂಪ್ಟನ್ನಿನಿಂದ ಚಾರ್ಲ್ಸ್ ಬ್ರಾಡ್ಲಾ ಪಾರ್ಲಿಮೆಂಟಿಗೆ ಗೆದ್ದು ಬಂದರು. ತಾನು ನಾಸ್ತಿಕ, ದೇವರ ಹೆಸರಿಲ್ಲದೆ ಮಾತು ಕೊಡುತ್ತೇನೆ ಅಂದರು. ಸದನ ಆಗಲ್ಲ ಅಂದಿತು. ಹಾಗಾದರೆ ನಿಮ್ಮ ಪ್ರಮಾಣವನ್ನೇ ಮಾಡುತ್ತೇನೆ, ಆದರೆ ಅದರ ಕೆಲವು ಮಾತಿಗೆ ನನ್ನ ಪಾಲಿಗೆ ಅರ್ಥವಿಲ್ಲ ಅಂತ ಬಹಿರಂಗವಾಗಿ ಬರೆದರು. ಅದಕ್ಕೂ ಬಿಡಲಿಲ್ಲ, ಒಂದು ರಾತ್ರಿ ಗಡಿಯಾರದ ಗೋಪುರದಲ್ಲಿ ಕೂಡಿಹಾಕಿದರು. ಬಾಯಿ ಮುಚ್ಚಿಕೊಂಡು ಪ್ರಮಾಣ ಮಾಡಿದ್ದರೆ ಮೊದಲ ದಿನವೇ ಒಳಗೆ ಹೋಗಿ ಕೂರಬಹುದಿತ್ತು. ಮತದಾರರು ಮತ್ತೆ ಮತ್ತೆ ಗೆಲ್ಲಿಸಿದರೂ ಸೀಟು ಖಾಯಂ ಆಗಿ ಸಿಕ್ಕಿದ್ದು 1886ರಲ್ಲಿ. ಎರಡು ವರ್ಷದ ನಂತರ, ದೇವರ ಹೆಸರಿಲ್ಲದೆಯೂ ಮಾತು ಕೊಡಬಹುದು ಅನ್ನುವ ಕಾಯ್ದೆಯನ್ನು ಪಾಸು ಮಾಡಿಸಿದ್ದು ಇದೇ ಬ್ರಾಡ್ಲಾ.