ಜಪಾನಿನ ಚಹಾ ಬಟ್ಟಲುಗಳಿಗೆ ಬೆಲೆ ಬಂದ ಬಗೆ

1579ರಲ್ಲಿ ಜಪಾನಿಗೆ ಬಂದಿಳಿದ ಇಟಲಿಯ ಜೆಸ್ವಿಟ್ ಪಾದ್ರಿ ಅಲೆಸಾಂದ್ರೊ ವಲಿನ್ಯಾನೊ, ಅದಕ್ಕೆ ಮುಂಚೆ ಗೋವೆಯಲ್ಲಿದ್ದು ಪೂರ್ವದೇಶಗಳ ಪಾದ್ರಿಗಳ ಮೇಲ್ವಿಚಾರಣೆ ನಡೆಸುತ್ತಿದ್ದವನು. ಕ್ಯೂಶೂ ದ್ವೀಪದ ಬುಂಗೊ ಪ್ರಾಂತದ ದೊರೆ ಒಮ್ಮೆ ತನ್ನ ಭಂಡಾರದಿಂದ ಚಹಾಪುಡಿ ತುಂಬಿಡುವ ಮಣ್ಣಿನ ಪುಟ್ಟ ಭರಣಿಯೊಂದನ್ನು ತೆಗೆದು ಅವನಿಗೆ ತೋರಿಸಿದ. ಪಂಜರದ ಹಕ್ಕಿಗೆ ನೀರಿಡುವುದಕ್ಕಲ್ಲದೆ ಬೇರೆ ಯಾವುದಕ್ಕೂ ಒದಗದ ಆ ಭರಣಿಗೆ ದೊರೆ ಸುಮಾರು 14,000 ಡ್ಯೂಕಟ್ (ಯೂರೋಪಿನ ಚಿನ್ನದ ನಾಣ್ಯ) ತೆತ್ತಿದ್ದನೆಂದೂ, ತಾನಾಗಿದ್ದರೆ ಎರಡು ಕಾಸನ್ನೂ ಕೊಡುತ್ತಿರಲಿಲ್ಲವೆಂದೂ ಪಾದ್ರಿ ಬರೆದಿಟ್ಟಿದ್ದಾನೆ. ನಾಲ್ಕು ಶತಮಾನಗಳು ಕಳೆದ ಮೇಲೂ ಹಳೆಯ ಚಹಾ ಪಾತ್ರೆಯ ಮುಂದೆ ಮೊದಲ ಬಾರಿಗೆ ನಿಂತವರಿಗೆ ಏಳುವ ಪ್ರಶ್ನೆ ಇದೇ: ಇದಕ್ಕೇಕೆ ಇಷ್ಟು ಬೆಲೆ? ಮಣ್ಣನ್ನೂ ಮೆರುಗನ್ನೂ ಎಷ್ಟು ಹೊತ್ತು ನೋಡಿದರೂ ಅದಕ್ಕೆ ಪೂರ್ತಿ ಉತ್ತರ ಸಿಗುವುದಿಲ್ಲ. ಆ ಪಾತ್ರೆ ಯಾರ ಯಾರ ಕೈ ದಾಟಿ ಬಂದಿದೆ ಎಂಬುದನ್ನು ಓದಿಕೊಂಡಾಗಲೇ ಬೆಲೆಯ ಅರ್ಥ ತಿಳಿಯತೊಡಗುತ್ತದೆ.

ಆರಂಭದಲ್ಲಿ ಸಂಗ್ರಹಕ್ಕೆ ಯೋಗ್ಯವೆನಿಸಿದ್ದು ಚೀನಾದ ಪಾತ್ರೆಗಳು ಮಾತ್ರ. ಬೌದ್ಧ ಭಿಕ್ಷುಗಳು ಚೀನಾದ ತಿಯಾನ್‌ಮು ಬೆಟ್ಟದ ಮಠಗಳಿಂದ ತಂದ, ಫುಜಿಯಾನಿನ ಆವಿಗೆಗಳಲ್ಲಿ ಬೆಂದ ಕಪ್ಪು ಬಟ್ಟಲುಗಳಿಗೆ ಜಪಾನಿನಲ್ಲಿ ಆ ಬೆಟ್ಟದ ಹೆಸರೇ ನಿಂತು ‘ತೆನ್‌ಮೊಕು’ ಎಂದಾಯಿತು. 15ನೆಯ ಶತಮಾನದ ಶೋಗನ್ (ಸೇನಾಡಳಿತದ ಒಡೆಯ) ಅಶಿಕಾಗ ಯೊಶಿಮಾಸ ಇಂಥ ಪಾತ್ರೆಗಳ ದೊಡ್ಡ ಸಂಗ್ರಾಹಕ. ಅವನಲ್ಲಿದ್ದ ಹಸಿರು ಮೆರುಗಿನ ಬಟ್ಟಲೊಂದು ಬಿರುಕು ಬಿಟ್ಟಾಗ, ಅಂಥದೇ ಇನ್ನೊಂದನ್ನು ಕಳುಹಿಸಿರೆಂದು ಅದನ್ನು ಚೀನಾಕ್ಕೆ ಕಳುಹಿಸಿದನೆಂದೂ, ಅದಕ್ಕೆ ಸಮನಾದುದು ಈಗ ಸಿಗದೆಂದು ಚೀನೀಯರು ಬಿರುಕಿಗೆ ಲೋಹದ ಮೊಳೆ ಹೊಡೆದು ಅದನ್ನೇ ಹಿಂದಿರುಗಿಸಿದರೆಂದೂ ಒಂದು ಕಥೆಯಿದೆ. ಮೊಳೆಗಳು ಮಿಡತೆಯಂತೆ ಕಂಡದ್ದರಿಂದ ‘ಬಕೋಹಾನ್’ ಎಂದು ಹೆಸರಾದ ಆ ಬಟ್ಟಲು ಇಂದು ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ರಿಪೇರಿಯ ಗುರುತೇ ಪಾತ್ರೆಯ ಹೆಸರಾಗಿ, ಹೆಸರೇ ಅದರ ಗೌರವವಾಗುವ ರೂಢಿಯನ್ನು ಇಲ್ಲಿ ಕಾಣಬಹುದು.

ಯೊಶಿಮಾಸನ ಕಾಲದಲ್ಲೇ ರುಚಿ ಬೇರೊಂದು ದಿಕ್ಕಿಗೆ ಹೊರಳಿತು. ಅತಿಥಿಗಳಿಗೆ ವಿಧಿವತ್ತಾಗಿ ಚಹಾ ಮಾಡಿಕೊಡುವ ಕಲೆಯನ್ನು ಕಲಿಸುತ್ತಿದ್ದ ಮುರಾತ ಜುಕೊ (1423–1502) ಎಂಬ ಚಹಾ ಗುರು, ಚೀನಾದ ವಸ್ತು ಮತ್ತು ಜಪಾನಿನ ವಸ್ತುಗಳ ನಡುವಿನ ಗೆರೆಯನ್ನು ಅಳಿಸಬೇಕೆಂದು ಶಿಷ್ಯನಿಗೆ ಪತ್ರ ಬರೆದ. ಸಂಗ್ರಾಹಕರು ಮರೆಯಬಾರದ ಎಚ್ಚರಿಕೆಯೊಂದು ಅದೇ ಪತ್ರದಲ್ಲಿದೆ: ಆಗಷ್ಟೇ ಕಲಿಯತೊಡಗಿದವರು ಬಿಜೆನ್, ಶಿಗರಾಕಿ ಊರುಗಳ ಒರಟು ಪಾತ್ರೆಗಳನ್ನು ಹಿಡಿದು ಪಕ್ವತೆ ಬಂದವರಂತೆ ಮೆರೆಯುವುದು ಸಲ್ಲದು. ಒಳ್ಳೆಯ ಪಾತ್ರೆಗಳ ಗುಣವನ್ನು ಅರಿತು ಮಾಗಿದ ಮೇಲೆ ತಾನಾಗಿ ಬರಬೇಕಾದ ಅಭಿರುಚಿ ಅದು. ಒರಟುತನವೂ ಫ್ಯಾಷನ್ ಆಗಬಲ್ಲದೆಂಬುದನ್ನು ಜುಕೊ ಅಷ್ಟು ಮೊದಲೇ ಕಂಡಿದ್ದ.

ಆಮೇಲಿನ ನೂರು ವರ್ಷಗಳಲ್ಲಿ ಚಹಾ ಪಾತ್ರೆ ರಾಜಕೀಯದ ನಾಣ್ಯವಾಯಿತು. ಸೇನಾನಾಯಕ ಓದ ನೊಬುನಾಗ 1568ರಲ್ಲಿ ಕ್ಯೋಟೊ ನಗರವನ್ನು ಹಿಡಿದ ಬಳಿಕ ವರ್ತಕರಿಂದಲೂ ಸರದಾರರಿಂದಲೂ ಹೆಸರಾಂತ ಪಾತ್ರೆಗಳನ್ನು ಕೂಡಿಹಾಕಿದ. ಚರಿತ್ರೆಕಾರರು ಇದನ್ನು ‘ಮೆಯ್‌ಬುತ್ಸು ಬೇಟೆ’ ಎನ್ನುತ್ತಾರೆ, ಅಂದರೆ ಪ್ರಸಿದ್ಧ ವಸ್ತುಗಳ ಬೇಟೆ. ಗೆದ್ದ ಸೇನಾನಿಗಳಿಗೆಲ್ಲ ಹಂಚುವಷ್ಟು ನೆಲ ಇರಲಿಲ್ಲವಾದ್ದರಿಂದ ಅವನು ಪಾತ್ರೆಗಳನ್ನೇ ಉಂಬಳಿಯಂತೆ ಕೊಡುತ್ತಿದ್ದ. ತಾಕಿಗಾವ ಕಜುಮಾಸು ಎಂಬ ಸರದಾರನಿಗೆ 1582ರಲ್ಲಿ ಇಡೀ ಒಂದು ಪ್ರಾಂತ ದೊರೆತಾಗ, ತಾನು ಬಯಸಿದ್ದ ಪುಟ್ಟ ಭರಣಿ ಸಿಗಲಿಲ್ಲವಲ್ಲಾ ಎಂದು ಅವನು ಕೊರಗಿದನಂತೆ.

ಆ ಕಾಲದ ಪಾತ್ರೆಗಳ ಪೈಕಿ ನನ್ನನ್ನು ಬಹುವಾಗಿ ಕಾಡುವುದು ‘ತ್ಸುಕುಮೊ ನಾಸು’ ಎಂಬ ಬದನೆಕಾಯಿ ಆಕಾರದ ಚೀನೀ ಭರಣಿ. ಜುಕೊ ಅದನ್ನು ಕೊಂಡಿದ್ದನೆಂಬ ಪ್ರತೀತಿಯಿದೆ. ಮತ್ಸುನಾಗ ಹಿಸಾಹಿದೆ ಎಂಬ ಸರದಾರ 1568ರಲ್ಲಿ ನೊಬುನಾಗನಿಗೆ ಶರಣಾಗುವಾಗ ಅದನ್ನೇ ಕಾಣಿಕೆಯಾಗಿ ಒಪ್ಪಿಸಿದ. ಮುಂದೆ, ನೊಬುನಾಗನ ನಂತರ ಅಧಿಕಾರಕ್ಕೆ ಬಂದ ಹಿದೆಯೊಶಿಯ ಮನೆತನಕ್ಕೆ ಸೇರಿದ ಆ ಭರಣಿ, 1615ರಲ್ಲಿ ಒಸಾಕ ಕೋಟೆ ಸುಟ್ಟು ಬಿದ್ದಾಗ ಬೂದಿಯಡಿ ಸಿಕ್ಕಿ ಚೂರಾಯಿತು. ಕೋಟೆಯನ್ನು ಗೆದ್ದ ತೊಕುಗಾವ ಇಯೆಯಾಸುವಿನ ಅಪ್ಪಣೆಯಂತೆ ಫುಜಿಶಿಗೆ ಮನೆತನದ ತಂದೆಮಕ್ಕಳು ಬೂದಿಯನ್ನು ಕೆದಕಿ ಚೂರುಗಳನ್ನು ಆರಿಸಿ, ಉರುಶಿ ಮರದ ಅಂಟಿನಿಂದ ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದರು. ಆ ಕೈಚಳಕಕ್ಕೆ ಬೆರಗಾದ ಇಯೆಯಾಸು ಭರಣಿಯನ್ನು ಅವರಿಗೇ ಬಿಟ್ಟುಕೊಟ್ಟ. ಈಗ ಟೋಕಿಯೊದ ಸೇಯ್‌ಕಾದೊ ಸಂಗ್ರಹಾಲಯದಲ್ಲಿರುವ ಅದನ್ನು ಎಕ್ಸ್‌ರೇಯಲ್ಲಿ ನೋಡಿದಾಗ, ಒಳಗೆ ಬೋಕಿಗಳ ಜೋಡಣೆಯೂ ಹೊರಗೆ ಮೆರುಗಿನಂತೆಯೇ ತೋರುವ ಉರುಶಿಯ ಹೊದಿಕೆಯೂ ಕಂಡುಬಂದವು.

ನೊಬುನಾಗನಿಗೂ ಹಿದೆಯೊಶಿಗೂ ಚಹಾ ಗುರುವಾಗಿದ್ದ ಸೆನ್ ನೊ ರಿಕ್ಯು (1522–1591), ಹಳೆಯ ಪಾತ್ರೆಗಳ ಈ ಸ್ಪರ್ಧೆಯ ನಡುವೆ ಹೊಸದೊಂದನ್ನು ಮಾಡಿಸಿದ. ಕ್ಯೋಟೊದ ಚೋಜಿರೊ ಎಂಬ ಕುಶಲಿಗ ರಿಕ್ಯುವಿನ ಇಚ್ಛೆಯಂತೆ ತಿಗರಿಯನ್ನು ಬಿಟ್ಟು ಬರಿಗೈಯಿಂದ ಬಟ್ಟಲು ತಟ್ಟಿ, ಸಣ್ಣ ಆವಿಗೆಯಲ್ಲಿ ಬೇಯಿಸಿ, ಕೆಂಡದಂತೆ ಹೊಳೆಯುತ್ತಿರುವಾಗಲೇ ಇಕ್ಕಳದಿಂದ ಹೊರಗೆಳೆದು ಕಪ್ಪು ಬಣ್ಣ ಬರಿಸಿದ. ‘ರಾಕು’ ಎಂದು ಹೆಸರಾದ ಈ ಕಸುಬನ್ನು ಅದೇ ಮನೆತನದ ಹದಿನಾರನೆಯ ತಲೆಮಾರು ಈಗಲೂ ನಡೆಸುತ್ತಿದೆ. ಪೂರ್ವೇತಿಹಾಸವೇ ಇಲ್ಲದ ಹೊಸ ಬಟ್ಟಲಿಗೆ ಗುರುವಿನ ಕಣ್ಣೊಂದೇ ಬೆಲೆ ತರಬಲ್ಲದೆಂದು ಇದರಿಂದ ರುಜುವಾಯಿತು. ಆ ಅಧಿಕಾರದಲ್ಲಿ ಅಪಾಯವೂ ಇತ್ತು. ಹಿದೆಯೊಶಿ 1591ರಲ್ಲಿ ರಿಕ್ಯುವಿಗೆ ಹೊಟ್ಟೆ ಸೀಳಿಕೊಂಡು ಸಾಯುವ ಶಿಕ್ಷೆ ವಿಧಿಸಿದಾಗ, ಪಾತ್ರೆಗಳಿಗೆ ಅನ್ಯಾಯದ ಬೆಲೆ ಕಟ್ಟಿ ಮಾರಿದನೆಂಬುದೂ ಆರೋಪಗಳಲ್ಲಿ ಒಂದಾಗಿತ್ತು.

ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಭಾರವಾದ ಅಧ್ಯಾಯ ಕೊರಿಯಾದ್ದು. ಸಂಗ್ರಾಹಕರ ಮಾತಿನಲ್ಲಿ ಅದು ಹಗುರವಾಗಿ ದಾಟಿಹೋಗುವುದು ನನಗೆ ಸರಿ ಕಾಣುವುದಿಲ್ಲ. 1592ರಿಂದ 1598ರವರೆಗೆ ಹಿದೆಯೊಶಿಯ ಸೈನ್ಯ ಕೊರಿಯಾದ ಮೇಲೆ ನಡೆಸಿದ ದಂಡಯಾತ್ರೆಗಳಲ್ಲಿ ಕ್ಯೂಶೂ ಮತ್ತು ಪಶ್ಚಿಮ ಜಪಾನಿನ ಸರದಾರರು ಅಲ್ಲಿನ ಕುಂಬಾರರನ್ನು ಕುಟುಂಬಸಮೇತ ಹಿಡಿದು ತಂದರು. ಆ ಯುದ್ಧಕ್ಕೆ ‘ಕುಂಬಾರಿಕೆಯ ಯುದ್ಧ’ವೆಂಬ ಅಡ್ಡಹೆಸರೇ ಇದೆ. ಹಾಗಿ, ಸತ್ಸುಮ, ಅಗಾನೊ, ತಾಕಾತೊರಿ ಆವಿಗೆಗಳು ಹುಟ್ಟಿದ್ದೂ, ಕರಾತ್ಸು ವಿಸ್ತಾರವಾಗಿ ಬೆಳೆದದ್ದೂ ಅವರ ಕೈಯಿಂದ. ‘ಮೊದಲು ರಾಕು, ಎರಡು ಹಾಗಿ, ಮೂರು ಕರಾತ್ಸು’ ಎಂದು ಚಹಾ ಬಟ್ಟಲುಗಳನ್ನು ಶ್ರೇಣಿಗೊಳಿಸುವ ನಾಣ್ಣುಡಿಯೊಂದು ಜಪಾನಿನಲ್ಲಿದೆ. ಆ ಮೂರರಲ್ಲಿ ಎರಡರ ಹಿಂದೆ ತವರು ಬಿಟ್ಟು ಬಂದವರ ದುಡಿಮೆಯಿದೆ.

ಯುದ್ಧಕ್ಕೆ ಮೊದಲೇ ಕೊರಿಯಾದಿಂದ ಬಂದಿದ್ದ ‘ಇದೊ’ ಬಟ್ಟಲುಗಳು ಇನ್ನೂ ದೊಡ್ಡ ಹೆಸರು ಗಳಿಸಿದವು. 16ನೆಯ ಶತಮಾನದ ‘ಕಿಜಾಯೆಮೊನ್ ಇದೊ’ ಅವುಗಳಲ್ಲಿ ಹೆಚ್ಚು ಪ್ರಖ್ಯಾತ. ಅದನ್ನು ಹೊಂದಿದ್ದ ಒಸಾಕದ ವರ್ತಕ ದಿವಾಳಿಯೆದ್ದರೂ ಮಾರಲೊಪ್ಪದೆ, ಮೈತುಂಬ ಹುಣ್ಣಾಗಿ ಸತ್ತನೆಂದು ಹೇಳುತ್ತಾರೆ. ಮುಂದೆ ಅದು ಮತ್ಸುಎ ಸಂಸ್ಥಾನದ ಒಡೆಯ ಮತ್ಸುದಾಯಿರ ಫುಮಾಯಿಯ ಕೈಸೇರಿತು. 1818ರಲ್ಲಿ ಅವನು ತೀರಿಕೊಂಡ ಬಳಿಕ ಮನೆಯವರು ಕ್ಯೋಟೊದ ದಾಯ್‌ತೊಕುಜಿ ಮಠದ ಕೊಹೊ-ಆನ್ ಶಾಖೆಗೆ ಅದನ್ನು ಒಪ್ಪಿಸಿದರು. 1931ರಲ್ಲಿ ಅದನ್ನು ಕಂಡ ಜನಪದ ಕರಕುಶಲ ಕಲೆಯ ಚಿಂತಕ ಯನಾಗಿ ಸೋಎತ್ಸು, ಪೆಟ್ಟಿಗೆಯೊಳಗಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚಿದಾಗ ಹೊರಬಂದದ್ದು ಬಡವನೊಬ್ಬನ ಅನ್ನದ ಬಟ್ಟಲೆಂದು ಉದ್ಗರಿಸಿದ. ಅದು ಊಟದ ಬಟ್ಟಲಲ್ಲ, ಪೂಜೆಯ ಪಾತ್ರೆಯೆಂದು ವಾದಿಸುವವರೂ ಕೊರಿಯಾದಲ್ಲಿದ್ದಾರೆ. ಮಾಡಿದವನ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಬಟ್ಟಲಿಗೆ ಉಳಿದಿರುವುದು ಕೊಂಡವನ ಹೆಸರು.

ಈ ಪೆಟ್ಟಿಗೆಗಳ ವಿಷಯಕ್ಕೆ ಬಂದರೆ ಸಂಗ್ರಹದ ಒಳಗಿನ ವ್ಯವಸ್ಥೆ ಅರ್ಥವಾಗುತ್ತದೆ. 17ನೆಯ ಶತಮಾನದಲ್ಲಿ ಕೊಬೊರಿ ಎನ್‌ಶೂ ಎಂಬ ಗುರು ತನ್ನ ಮೆಚ್ಚಿನ ಪಾತ್ರೆಗಳಿಗೆ ಹಳೆಯ ಕಾವ್ಯಗಳಿಂದ ಆಯ್ದ ಹೆಸರಿಟ್ಟು, ಆ ಹೆಸರನ್ನು ಮರದ ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆದ. ಫುಮಾಯಿ 18ನೆಯ ಶತಮಾನದ ಕೊನೆಯಲ್ಲಿ ನಾಡಿನ ಪ್ರಸಿದ್ಧ ಪಾತ್ರೆಗಳನ್ನೆಲ್ಲ ವರ್ಗೀಕರಿಸಿ ಸಚಿತ್ರ ಪಟ್ಟಿಯನ್ನು ಅಚ್ಚು ಹಾಕಿಸಿದ: ರಿಕ್ಯುವಿಗೆ ಮೊದಲೇ ಹೆಸರಾದವು ಒಂದು ವರ್ಗ, ರಿಕ್ಯುವಿನ ಕಾಲದವು ಇನ್ನೊಂದು, ಎನ್‌ಶೂ ಆರಿಸಿದವು ಮತ್ತೊಂದು. ಮಾಡಿದವನೇ ಸಹಿ ಹಾಕಿದ ಪೆಟ್ಟಿಗೆಗೆ ‘ತೊಮೊಬಾಕೊ’ ಎಂಬ ಹೆಸರುಂಟು; ರಿಕ್ಯುವಿನ ವಂಶವಾದ ಸೆನ್ ಮನೆತನದ ಮೂರು ಕವಲುಗಳ ಗುರುಗಳು ಬರೆದುಕೊಟ್ಟ ಪೆಟ್ಟಿಗೆಗೆ ಬೇರೆಯೇ ಗೌರವ. ರೇಷ್ಮೆಯ ಚೀಲ, ಹಳೆಯ ಒಡೆಯನ ಚೀಟಿ, ಕೊಂಡ ರಸೀದಿ, ಹೊರಪೆಟ್ಟಿಗೆ ಇವೆಲ್ಲ ಸೇರಿ ಒಂದೇ ವಸ್ತು. ಆದ್ದರಿಂದ ಪೆಟ್ಟಿಗೆಯಿಂದ ಅಗಲಿದ ಒಳ್ಳೆಯ ಬಟ್ಟಲಿನ ಬೆಲೆ ಇಳಿಯುತ್ತದೆ, ಒಳ್ಳೆಯ ಪೆಟ್ಟಿಗೆಯೊಳಗೆ ಸಾಮಾನ್ಯ ಬಟ್ಟಲನ್ನು ಕೂರಿಸಿ ಮಾರುವ ಮೋಸಕ್ಕೂ ದಾರಿಯಾಗುತ್ತದೆ. ಬಟ್ಟಲಿನ ಬುಡದ ಅಳತೆ ಪೆಟ್ಟಿಗೆಗೂ ಚೀಲಕ್ಕೂ ಹೊಂದುತ್ತದೆಯೇ ಎಂದು ನೋಡುವುದು ಕೊಳ್ಳುವವರ ಮೊದಲ ಕೆಲಸವಾಗಬೇಕು.

1868ರ ಮೇಯ್ಜಿ ಕ್ರಾಂತಿಯ ನಂತರ ಸಂಸ್ಥಾನಗಳು ಹೋದವು, ಭಂಡಾರಗಳು ಮಾರುಕಟ್ಟೆಗೆ ಬಂದವು. ಸುಟ್ಟು ಉಳಿದ ಆ ತ್ಸುಕುಮೊ ಭರಣಿಯನ್ನು ಮಿತ್ಸುಬಿಶಿ ಮನೆತನದ ಇವಾಸಾಕಿ ಯನೊಸುಕೆ 1876ರಲ್ಲಿ ಅಣ್ಣನಿಂದ ಸಾಲ ಮಾಡಿ ಕೊಂಡ. ಮಿತ್ಸುಯಿ ಸಂಸ್ಥೆಯ ಮಸುದ ತಾಕಾಶಿ, ರೈಲ್ವೆ ಉದ್ಯಮಿ ನೆಜು ಕಾಯಿಚಿರೊ, ಒಸಾಕದ ಫುಜಿತ ದೆನ್‌ಜಾಬುರೊ ಮುಂತಾದವರು ಸರದಾರರ ಜಾಗಕ್ಕೆ ಬಂದರು. ಫುಜಿತ ಬಹುಕಾಲ ಹಂಬಲಿಸಿದ್ದ ಆಮೆಯಾಕಾರದ ಧೂಪದ ಕರಡಿಗೆಯೊಂದು 1912ರಲ್ಲಿ 90,000 ಯೆನ್‌ಗೆ ಅವನದಾಯಿತು. ಆಗ ಅವನು ಮರಣಶಯ್ಯೆಯಲ್ಲಿದ್ದ. ಹೊರದೇಶದವರೂ ಇದೇ ಹೊತ್ತಿನಲ್ಲಿ ಬಂದರು. ಚಿಪ್ಪುಜೀವಿಗಳ ಅಧ್ಯಯನಕ್ಕೆಂದು ಜಪಾನಿಗೆ ಹೋದ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಮೋರ್ಸ್ ಅಷ್ಟೇ ಶಿಸ್ತಿನಿಂದ ಐದು ಸಾವಿರದಷ್ಟು ಮಡಕೆಗಳನ್ನು ಕಲೆಹಾಕಿದ. ಅವು 1892ರಲ್ಲಿ ಬಾಸ್ಟನ್ನಿನ ಕಲಾಸಂಗ್ರಹಾಲಯ ಸೇರಿದವು.

ಪೆಟ್ಟಿಗೆಯ ಮಾತನ್ನು ನೆಲದಡಿಯ ಬೋಕಿ ಸುಳ್ಳುಮಾಡಿದ್ದು 20ನೆಯ ಶತಮಾನದಲ್ಲಿ. ಶಿನೊ ಎಂಬ ಬಿಳಿ ಮೆರುಗಿನ ಬಟ್ಟಲುಗಳು ಸೆತೊ ಊರಿನವೆಂದೇ ಎಲ್ಲರೂ ನಂಬಿದ್ದರು. 1930ರಲ್ಲಿ ಕುಂಬಾರ ಅರಾಕಾವ ತೊಯೊಜೊ ಪಕ್ಕದ ಮಿನೊ ಪ್ರಾಂತದ ಪಾಳುಬಿದ್ದ ಆವಿಗೆಯೊಂದರಲ್ಲಿ ಶಿನೊ ಚೂರನ್ನು ಕಂಡುಹಿಡಿದ ಮೇಲೆ ಆ ನಂಬಿಕೆ ಬಿದ್ದುಹೋಯಿತು. ಚಹಾ ಪಾತ್ರೆಯಲ್ಲದಿದ್ದರೂ ಇಲ್ಲಿ ಹೇಳಲೇಬೇಕಾದ ಇನ್ನೊಂದು ಪ್ರಕರಣ, 1294ರ ಕಾಲಮಾನವನ್ನು ಕೆತ್ತಿದ್ದ ಸೆತೊ ಹೂಜಿಯದು. ಸರ್ಕಾರ 1959ರಲ್ಲಿ ಮಹತ್ವದ ಸಾಂಸ್ಕೃತಿಕ ಸ್ವತ್ತೆಂದು ಘೋಷಿಸಿದ ಅದು ಕುಂಬಾರ ಕಾತೊ ತೋಕುರೊ ಮಾಡಿದ್ದೆಂದು ಮರುವರ್ಷವೇ ಬಯಲಾಗಿ, 1961ರಲ್ಲಿ ಘೋಷಣೆ ರದ್ದಾಯಿತು. ಪಳಗಿದ ಕಣ್ಣುಗಳು ತಪ್ಪಿದ್ದನ್ನು ಎಕ್ಸ್‌ರೇ ವಿಶ್ಲೇಷಣೆ ಹಿಡಿದುಕೊಟ್ಟಿತ್ತು.

ಇಂದು ಜಪಾನಿನಲ್ಲಿ ರಾಷ್ಟ್ರೀಯ ನಿಧಿಯೆನಿಸಿದ ಚಹಾ ಬಟ್ಟಲುಗಳು ಎಂಟು. ಅವುಗಳಲ್ಲಿ ಐದು ಚೀನಾದವು, ಒಂದು ಕೊರಿಯಾದ್ದು. ಜಪಾನಿನ ಮಣ್ಣಿನಲ್ಲಿ ಹುಟ್ಟಿದವು ‘ಉನೊಹನಗಾಕಿ’ ಎಂಬ ಶಿನೊ ಬಟ್ಟಲು ಮತ್ತು ಹೊನ್‌ಅಮಿ ಕೋಎತ್ಸು ಎಂಬ ಕಲಾವಿದ ಮಾಡಿದ ‘ಫುಜಿಸಾನ್’ ಎರಡೇ. 2016ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ, ಕುರೊದ ಮನೆತನದ ಬಳಿಯಿದ್ದ ತೆನ್‌ಮೊಕು ಬಟ್ಟಲೊಂದು 1 ಕೋಟಿ 17 ಲಕ್ಷ ಡಾಲರಿಗೆ ಹೋಯಿತು. ಇಂಥವು ಗಾಜಿನ ಹಿಂದೆ ಸುರಕ್ಷಿತವಾಗಿರುವುದು ಒಳ್ಳೆಯದೇ, ಆದರೆ ಬಳಕೆಯಿಂದ ಬರುವ ಬದಲಾವಣೆ ಅಲ್ಲಿಗೆ ನಿಂತುಹೋಗುತ್ತದೆ. ಹಾಗಿ ಬಟ್ಟಲಿನ ಸೂಕ್ಷ್ಮ ಬಿರುಕುಗಳಲ್ಲಿ ವರ್ಷವರ್ಷಕ್ಕೂ ಚಹಾ ಇಳಿದು ಬಣ್ಣ ತಿರುಗುವುದನ್ನು ಜಪಾನೀಯರು ‘ಹಾಗಿಯ ಏಳು ರೂಪ’ ಎನ್ನುತ್ತಾರೆ. ಕ್ಯೋಟೊದಲ್ಲಿ 1978ರಲ್ಲಿ ಆರಂಭವಾದ ರಾಕು ಸಂಗ್ರಹಾಲಯವು ಕೆಲವು ದಿನಗಳಲ್ಲಿ ಹಿಂದಿನ ತಲೆಮಾರುಗಳ ಬಟ್ಟಲುಗಳನ್ನು ನೋಡುಗರ ಕೈಗೇ ಕೊಡುತ್ತದೆ. ಉಂಗುರ, ಗಡಿಯಾರಗಳನ್ನು ಕಳಚಿಟ್ಟು, ಚಾಪೆಯ ಮೇಲೆ ಬಾಗಿ, ನೆಲದಿಂದ ಹೆಚ್ಚು ಮೇಲೆತ್ತದೆ ಎರಡೂ ಕೈಗಳಲ್ಲಿ ಅದನ್ನು ಹಿಡಿಯಬೇಕು. ತಟ್ಟಿದವನ ಬೆರಳುಗಳು ಒಳಮೈಯಲ್ಲಿ ಎಲ್ಲಿ ಒತ್ತಿದ್ದವೆಂಬುದು ಆಗ ಕೈಗೆ ಸಿಗುತ್ತದೆ.